ದೇವರ ಮೀನಿನ ಗುಂಡಿಯಲ್ಲಿ ಆ ಭಾನುವಾರ

2017ರ ಏಪ್ರಿಲ್ ಮೂವತ್ತು, ಭಾನುವಾರ. ಮರುದಿನ ಮೇ ಒಂದರ ರಜೆ ಇದ್ದುದರಿಂದ ಬೆಳಿಗ್ಗೆ ಎಂಟಕ್ಕೇ ನಮ್ಮೂರಿಗೆ ಕಾರುಗಳು ಬರತೊಡಗಿದ್ದವು. ನಾನಾಗ ಗ್ರಾಮ ಪಂಚಾಯತ್ ಸದಸ್ಯೆ. ಮಹಿಳಾ ಮೀಸಲು ಸ್ಥಾನದಲ್ಲಿ ಗೆದ್ದಿದ್ದೆ. ಅದಕ್ಕೆ ಮೊದಲೂ ಈಗಲೂ ನನ್ನ ಕೆಲಸ ಮನೆಯಲ್ಲಿ ಕುಳಿತು ರವಿಕೆ ಹೊಲಿಯುವುದು. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಈಗಿನ ಕಡಬ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿ ಇದೆ ಎಂದರೆ ಸಾಕು. ಹೆಸರು ಹಾಕಿದರೆ ಇನ್ನೂ ನಾಲ್ಕು ಕಾರು ಹೆಚ್ಚು ಬರುತ್ತವೆ.

ಕಾಡಿನಿಂದ ಇಳಿದು ಬರುವ ಹೊಳೆ ನಮ್ಮಲ್ಲಿ ಒಂದು ದೊಡ್ಡ ಬಂಡೆಗೆ ಬಡಿದು ತಿರುಗುತ್ತದೆ. ಆ ತಿರುವಿನಲ್ಲಿ ಆಳವಾದ ಗುಂಡಿ. ಅದರಲ್ಲಿ ಮೊಳದುದ್ದದ, ಕೆಲವು ತೋಳಿನುದ್ದದ ಮೀನುಗಳಿದ್ದವು. ದೇವರ ಮೀನು ಎಂದು ಯಾರೂ ಹಿಡಿಯುತ್ತಿರಲಿಲ್ಲ. ಹೊಳೆಯ ಆಚೆ ಬದಿಯ ಕುಶಾಲಪ್ಪಜ್ಜ ದಿನಾ ಬೆಳಿಗ್ಗೆ ಬಂದು ಒಂದು ಹಿಡಿ ಅಕ್ಕಿ ಹಾಕುತ್ತಿದ್ದರು. ಅವರ ಹೆಜ್ಜೆಯ ಸದ್ದಿಗೇ ಮೀನುಗಳು ಬಂಡೆಯ ಅಡಿಯಿಂದ ಮೇಲೆ ಬರುತ್ತಿದ್ದವು. ನಾವು ಹೋದರೆ ಬರುತ್ತಿರಲಿಲ್ಲ.

ಯಾರೋ ತೆಗೆದ ಮೀನಿನ ವೀಡಿಯೋ ವಾಟ್ಸಾಪಿನಲ್ಲಿ ಓಡಾಡಿ ಜನ ಬರಲು ಶುರುವಾದದ್ದು ನಾನು ಗೆದ್ದ ವರ್ಷವೇ. ನನಗೆ ಅದರಲ್ಲಿ ಒಳ್ಳೆಯದೇ ಕಂಡಿತು. ಅಲ್ಲಿಯವರೆಗೆ ನಮ್ಮೂರಿಗೆ ಇದ್ದದ್ದು ಜೀಪು ಹೋಗುವ ಮಣ್ಣಿನ ರಸ್ತೆ, ಮಳೆಗಾಲದಲ್ಲಿ ಅದೂ ಇಲ್ಲ. ನನ್ನ ಅತ್ತೆಗೆ ಎದೆನೋವು ಬಂದಾಗ ಕುರ್ಚಿಯಲ್ಲಿ ಕೂರಿಸಿ ಎರಡು ಮೈಲು ಹೊತ್ತುಕೊಂಡು ಹೋಗಿದ್ದೆವು. ಅಲ್ಲಿಂದ ವಾಹನ ಹಿಡಿದು ಪುತ್ತೂರಿನ ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಜನ ಬಂದರೆ ರಸ್ತೆ ಬರುತ್ತದೆ ಎಂದು ನಾನು ಅದರ ಹಿಂದೆ ಬಿದ್ದೆ. ಬಂತು ಕೂಡ. ರಸ್ತೆಯ ಜೊತೆಗೆ ಹೊಳೆಗೆ ಇಳಿಯುವ ಮೆಟ್ಟಿಲು, ಶೌಚಾಲಯ, ನಮ್ಮ ಸ್ವಸಹಾಯ ಸಂಘದ ಹೆಂಗಸರಿಗೆ ಒಂದು ಅಂಗಡಿಯೂ ಬಂತು. ನೀರುದೋಸೆ, ಪುನರ್ಪುಳಿ ಶರಬತ್ತು ಮಾರಿ ಎಂಟು ಮನೆಗಳ ಒಲೆ ಉರಿಯುತ್ತಿತ್ತು. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಕೆಲಸ ಶುರುವಾಗುವ ಮೊದಲಿನ ಗ್ರಾಮಸಭೆಯಲ್ಲಿ ಅಜ್ಜ ಎದ್ದು ನಿಂತಿದ್ದರು.

"ಮೀನಿಗೆ ಎಂತಾದ್ರೂ ಆದ್ರೆ?"

"ಎಂತ ಆಗುದೂ ಇಲ್ಲ ಅಜ್ಜ. ಸೋಪು ಹಾಕ್ಲಿಕ್ಕಿಲ್ಲ, ಪ್ಲಾಸ್ಟಿಕ್ ತರ್ಲಿಕ್ಕಿಲ್ಲ, ಗುಂಡಿಗೆ ಇಳೀಲಿಕ್ಕಿಲ್ಲ ಅಂತ ಬೋರ್ಡು ಹಾಕ್ತೇವೆ. ಊರೂ ಮೇಲೆ ಬರ್ತದೆ, ಹೊಳೆಯೂ ಉಳೀತದೆ," ಎಂದಿದ್ದೆ.

"ಆಯ್ತು ಮಗಾ, ನೀನು ಹೇಳ್ತಿ ಅಲ್ವಾ," ಎಂದು ಅಜ್ಜ ಕುಳಿತರು. ಅವರು ಒಪ್ಪಿದ ಮೇಲೆ ಬೇರೆ ಯಾರೂ ಬಾಯಿ ತೆರೆಯಲಿಲ್ಲ.

ಬೋರ್ಡು ಹಾಕಿದೆವು. ಆದರೆ ಶೌಚಾಲಯವನ್ನು ದೂರ ಕಟ್ಟಲು ಜಾಗವಿರಲಿಲ್ಲ, ಮೇಲೆಲ್ಲ ಅರಣ್ಯ. ಸಮತಟ್ಟು ಇದ್ದದ್ದು ಗುಂಡಿಯ ಮೇಲೆ ಎದ್ದ ಮಣ್ಣಿನ ದರೆಯಲ್ಲಿ, ನೀರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಅಲ್ಲೇ ಕಟ್ಟಿದೆವು. ಎರಡನೆಯ ಬೇಸಿಗೆಯಲ್ಲಿ ನೀರು ಕಡಿಮೆಯಾಗಿ, "ಸ್ನಾನಕ್ಕೆ ನೀರೇ ಇಲ್ಲ, ಎಂತಕ್ಕೆ ಬರುದು?" ಎಂದು ಬಂದವರು ಬೈದು ಹೋದರು. ಅಂಗಡಿಯ ಹೆಂಗಸರು ನನ್ನ ಮನೆಗೆ ಬಂದರು. ಗುಂಡಿಯ ಕೆಳಗೆ ಮರಳಿನ ಚೀಲ ಇಡಿಸಿ ನೀರು ನಿಲ್ಲಿಸಿದೆ. ಅಂದಿನಿಂದ ಜನ ಗುಂಡಿಗೇ ಇಳಿಯತೊಡಗಿದರು. ಬೋರ್ಡು ಅದರ ಪಾಡಿಗೆ ಇತ್ತು.

ಇನ್ನು ಆ ಭಾನುವಾರ. ತಾಲೂಕಿನಿಂದ ಒಬ್ಬರು ಅಧಿಕಾರಿ ಸಂಸಾರ ಸಮೇತ ಬರುತ್ತಾರೆ ಎಂದು ಶನಿವಾರ ಸಂಜೆ ತಿಳಿಯಿತು. ಶೌಚಾಲಯ ನೋಡಿಕೊಳ್ಳುವ ಯಮುನಕ್ಕನಿಗೆ ಫೋನ್ ಮಾಡಿದೆ.

"ಯಮುನಕ್ಕ, ನಾಳೆ ಬೇಗ ಬಂದು ಚೆನ್ನಾಗಿ ತೊಳೀರಿ. ವಾಸನೆ ಬರ್ಲಿಕ್ಕಾಗುದಿಲ್ಲ. ಬ್ಲೀಚಿಂಗ್ ಪೌಡರ್ ಚೀಲ ಬಂದಿದೆಯಲ್ಲ, ಧಾರಾಳ ಹಾಕಿ."

"ಮೆಂಬರ್ರೆ, ಗುಂಡಿ ತುಂಬಿದೆ," ಎಂದರು. ಅವರು ಹೇಳಿದ್ದು ಶೌಚಾಲಯದ ಇಂಗುಗುಂಡಿಯ ಮಾತು. "ನೀರು ಜಾಸ್ತಿ ಹಾಕಿದ್ರೆ ಹೊರಗೆ ಬರ್ತದೆ. ಮೊನ್ನೆಯೇ ಹೇಳಿದ್ದೆ ನಿಮ್ಮತ್ರ."

ಹೌದು, ಹೇಳಿದ್ದರು. ಗುಂಡಿ ಖಾಲಿ ಮಾಡುವ ವಾಹನ ಇನ್ನೆರಡು ವಾರ ಬರುವುದಿಲ್ಲ ಎಂದು ಉತ್ತರ ಬಂದಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೆ, ಕೈಯಲ್ಲಿ ಮದುಮಗಳ ರವಿಕೆ.

"ನಾಳೆ ಒಂದು ದಿನ ಹೇಗಾದ್ರೂ ಸುಧಾರಿಸಿ ಮಾರಾಯ್ತಿ," ಎಂದು ಫೋನ್ ಇಟ್ಟೆ.

ಭಾನುವಾರ ಹತ್ತು ಗಂಟೆಗೆ ನಾನು ಹೊಳೆಗೆ ಹೋದೆ. ಮೆಟ್ಟಿಲಿನ ತುಂಬ ಜನ. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. "ಎಷ್ಟು ಮೀನು ನೋಡಿ, ಮೇಲೇ ಬಂದಿವೆ!" ಎಂದು ಒಬ್ಬಳು ಹುಡುಗಿ ಕೂಗುತ್ತಿದ್ದಳು. ನಾನೂ ಮೊದಲು ಖುಷಿಯಲ್ಲೇ ನೋಡಿದೆ. ಅಷ್ಟು ಮೀನುಗಳನ್ನು ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ. ಎಲ್ಲವೂ ಬಾಯಿ ನೀರಿನಿಂದ ಹೊರಗೆ ಹಾಕಿ ತೆರೆದು ಮುಚ್ಚಿ ಮಾಡುತ್ತಿದ್ದವು. ಆಮೇಲೆ ಒಂದು ಮೀನು ನಿಧಾನಕ್ಕೆ ಮಗುಚಿ ಬಿಳಿ ಹೊಟ್ಟೆ ತೋರಿಸಿತು. ಆಗ ಗಾಳಿಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು ನನ್ನ ಮೂಗಿಗೆ ಬಡಿಯಿತು. ದರೆಯ ಮೇಲಿನಿಂದ ಬೆಳ್ಳಗಿನ ನೀರಿನ ಒಂದು ಗೆರೆ ಹುಲ್ಲಿನ ನಡುವೆ ಇಳಿದು ಗುಂಡಿಗೆ ಸೇರುತ್ತಿತ್ತು.

ಕುಶಾಲಪ್ಪಜ್ಜ ಆಗಲೇ ಸೊಂಟದ ತನಕ ನೀರಿನಲ್ಲಿದ್ದರು. ಪಂಚೆ ಎತ್ತಿ ಕಟ್ಟಿ, ಒಂದು ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ನೀರು ಬಂದು ಬೀಳುವಲ್ಲಿಗೆ ಅದರ ಬಾಯಿ ಒಡ್ಡಿ ನಿಂತಿದ್ದರು. ನನ್ನನ್ನು ಕಂಡು, "ಚೀಲ ತೆಗೆ ಮಗಾ! ನೀರು ಬಿಡು!" ಎಂದು ಕೂಗಿದರು.

ನಾನು ಸೀರೆಯಲ್ಲೇ ಇಳಿದು ಮರಳಿನ ಚೀಲ ಎಳೆದೆ. ಹಾಸನದ ಕಡೆಯ ಟೆಂಪೊ ಟ್ರಾವೆಲರಿನ ಡ್ರೈವರ್ ಒಬ್ಬರು ಬಂದು ಕೈ ಹಾಕಿದರು. ಕೆಟ್ಟ ನೀರು ಹೋಗತೊಡಗಿತು, ಆದರೆ ಮೇಲಿನಿಂದ ಒಳ್ಳೆಯ ನೀರು ಬರುತ್ತಿದ್ದದ್ದು ಬೆರಳಿನಷ್ಟು. ಏಪ್ರಿಲಿನ ಹೊಳೆ, ಅದಕ್ಕೆ ತಾನೇ ಎಲ್ಲಿಂದ ಬರಬೇಕು?

"ಮೇಲಿನ ಗುಂಡಿಗೆ ಹೊರುವ," ಎಂದರು ಅಜ್ಜ. ಕಾಡಿನ ಒಳಗೆ, ಬಂಡೆ ಹತ್ತಿ ಹತ್ತು ನಿಮಿಷದ ದಾರಿಯಲ್ಲಿ ಇನ್ನೊಂದು ಸಣ್ಣ ಗುಂಡಿ ಇತ್ತು. ಅಂಗಡಿಯ ಹೆಂಗಸರು ದೋಸೆ ಹಿಟ್ಟಿನ ಪಾತ್ರೆ ಖಾಲಿ ಮಾಡಿ ತಂದರು. ಯಮುನಕ್ಕ ಅಳುತ್ತಲೇ ಕೊಡಪಾನದಲ್ಲಿ ನೀರು ತುಂಬಿಸಿದರು. ಡ್ರೈವರ್ ತನ್ನ ಗಾಡಿಯ ನೀರಿನ ಕ್ಯಾನನ್ನು ಚಾಕುವಿನಿಂದ ಕೊಯ್ದು ಬಾಯಿ ಅಗಲ ಮಾಡಿಕೊಂಡು ಬಂದರು. ಒಂದೊಂದು ಪಾತ್ರೆಯಲ್ಲಿ ಒಂದೋ ಎರಡೋ ಮೀನು. ಹಿಡಿಯಲು ಏನೂ ಕಷ್ಟವಿರಲಿಲ್ಲ. ಕೈ ಒಡ್ಡಿದರೆ ಅವು ಸುಮ್ಮನೆ ಬರುತ್ತಿದ್ದವು. ಮನುಷ್ಯರ ನೆರಳು ಕಂಡರೆ ಬಂಡೆಯ ಅಡಿಗೆ ಓಡುತ್ತಿದ್ದ ಮೀನುಗಳು ಅವು.

ಮೆಟ್ಟಿಲ ಮೇಲಿದ್ದವರಲ್ಲಿ ಐದಾರು ಜನ ಇಳಿದು ಬಂದು ಸಹಾಯ ಮಾಡಿದರು. ಉಳಿದವರು ವೀಡಿಯೋ ಮಾಡುತ್ತಿದ್ದರು. "ಸತ್ತದ್ದನ್ನು ನಾವು ತಗೊಂಡ್ರೆ ತೊಂದರೆ ಇದೆಯಾ?" ಎಂದು ಒಬ್ಬರು ನನ್ನನ್ನೇ ಕೇಳಿದರು. ನಾನು ಪಾತ್ರೆ ಎತ್ತಿಕೊಂಡು ಹೊರಟೆ. ನಾಲ್ಕನೆಯ ಸಲ ಮೇಲೆ ಹತ್ತಿ ಇಳಿದು ಬರುವಾಗ ದಡದಲ್ಲಿ ಸಾಲಾಗಿ ಬಿದ್ದಿದ್ದ ಮೀನುಗಳಲ್ಲಿ ದೊಡ್ಡವು ಕಾಣೆಯಾಗಿದ್ದವು.

ಮಧ್ಯಾಹ್ನ ಎರಡರ ಹೊತ್ತಿಗೆ ಗುಂಡಿಯಲ್ಲಿ ಬಾಯಿ ಆಡಿಸುವ ಮೀನು ಒಂದೂ ಉಳಿಯಲಿಲ್ಲ. ಮೇಲಿನ ಗುಂಡಿಗೆ ಮೂವತ್ತರಷ್ಟು ಮುಟ್ಟಿಸಿದ್ದೆವು. ಅಧಿಕಾರಿಯ ಸಂಸಾರ ಮೇಲಿನ ರಸ್ತೆಯಿಂದಲೇ ತಿರುಗಿ ಹೋಯಿತಂತೆ.

ಸೋಮವಾರ ಬೆಳಕು ಹರಿಯುವಾಗ ನಾನು ಒಬ್ಬಳೇ ಮೇಲಿನ ಗುಂಡಿಗೆ ಹತ್ತಿದೆ. ಅಜ್ಜ ನನಗಿಂತ ಮೊದಲೇ ಬಂದು ಬಂಡೆಯ ಮೇಲೆ ಕುಳಿತಿದ್ದರು. ನಾವು ಹೊತ್ತು ತಂದ ಮೀನುಗಳೆಲ್ಲ ಮಗುಚಿ ತೇಲುತ್ತಿದ್ದವು. ಅದು ಮಾತ್ರವಲ್ಲ, ಆ ಸಣ್ಣ ಗುಂಡಿಯಲ್ಲಿ ಮೊದಲೇ ಇದ್ದ ಮರಿಗಳೂ ಸತ್ತಿದ್ದವು. ನಮ್ಮ ಪಾತ್ರೆಗಳ ನೀರಿನೊಟ್ಟಿಗೆ ವಿಷವನ್ನೂ ಹೊತ್ತಿದ್ದೆವೋ, ಅಷ್ಟು ಸಣ್ಣ ನೀರಿಗೆ ಅಷ್ಟು ಮೀನು ಹೆಚ್ಚಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಅಜ್ಜನೂ ಸೇರಿ ಒಂದೊಂದಾಗಿ ತೆಗೆದು, ಮೇಲಿನ ಮಣ್ಣಿನಲ್ಲಿ ಹೊಂಡ ಮಾಡಿ ಹಾಕಿದೆವು.

ತಾಲೂಕಿನಿಂದ ಪಂಚಾಯತ್ ಕಚೇರಿಗೆ ವಿಚಾರಣೆಗೆ ಬಂದವರು, "ಪೌಡರ್ ಹಾಕಿದ್ದು ಯಾರು?" ಎಂದು ಕೇಳಿದರು. ಯಮುನಕ್ಕ ನೆಲ ನೋಡುತ್ತಾ ನಿಂತಿದ್ದರು. "ನಾನು ಹೇಳಿ ಹಾಕಿಸಿದ್ದು. ಗುಂಡಿ ತುಂಬಿದೆ ಅಂತ ಅವರು ಹೇಳಿದ್ರು, ನಾನು ಕೇಳ್ಲಿಲ್ಲ," ಎಂದೆ. ಬಂದವರು ಪೆನ್ನು ಕೆಳಗಿಟ್ಟು, "ಅದೆಲ್ಲ ಬರೆದ್ರೆ ದೊಡ್ಡ ರಗಳೆ ಆಗ್ತದೆ ಮೇಡಂ, ಜಾಗ ಬಂದ್ ಆಗ್ತದೆ," ಎಂದರು. ವಿಪರೀತ ಸೆಕೆಗೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಸತ್ತಿವೆ ಎಂದು ಕಾಗದವಾಯಿತು. ಬಂದ್ ಆಗಲಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅಂಗಡಿಯ ಎಂಟು ಹೆಂಗಸರು ಬಾಗಿಲಲ್ಲೇ ನಿಂತಿದ್ದರು.

ಮೇ ತಿಂಗಳು ಮುಗಿಯುವ ಮೊದಲೇ ಗುಂಡಿಗೆ ಬೇರೆ ಮೀನು ಬಂತು. ಬಂದವರಿಗೆ ನೋಡಲು ಏನಾದರೂ ಬೇಕಲ್ಲ ಎಂದು ಊರಿನ ಕೆಲವರು ಎಲ್ಲಿಂದಲೋ ಸಾಕುವ ಕಾಟ್ಲಾ ಮೀನಿನ ಮರಿ ತರಿಸಿ ಬಿಟ್ಟರು. ಜನ ಮಂಡಕ್ಕಿ ಹಾಕಿದರೆ ಸಾಕು, ಮುತ್ತಿಕೊಳ್ಳುತ್ತಿದ್ದವು. ಫೋಟೋಕ್ಕೆ ಚೆನ್ನಾಗಿ ಬರುತ್ತಿದ್ದವು. ದೇವರ ಮೀನು ಎಂದು ಬಂದವರು ಕೈ ಮುಗಿಯುತ್ತಿದ್ದರು. ಜೂನಿನ ಮೊದಲ ನೆರೆಗೆ ಎಲ್ಲವೂ ಕೊಚ್ಚಿ ಹೋದವು. ಮುಂದಿನ ಬೇಸಿಗೆಗೆ ಮತ್ತೆ ತಂದರು.

ಆ ಮಳೆಗಾಲದಲ್ಲಿ ಒಂದು ದಿನ ನಾನು ಅಜ್ಜನ ಮನೆಗೆ ಹೋದೆ. ಬೈಯಲಿ ಎಂದೇ ಹೋದದ್ದು. ಅವರು ಜಗಲಿಯಲ್ಲಿ ಕುಳಿತು ಕತ್ತಿಗೆ ಹಿಡಿ ಹಾಕುತ್ತಿದ್ದರು.

"ನನ್ನಿಂದ ಆದದ್ದು ಅಜ್ಜ," ಎಂದೆ.

"ನಿನ್ನ ಮೇಲೆ ಸಿಟ್ಟಿಲ್ಲ ಮಗಾ," ಎಂದರು. ಕೆಲಸ ನಿಲ್ಲಿಸಲಿಲ್ಲ. "ಆ ಮೀಟಿಂಗಲ್ಲಿ ನಾನು ಆಗುದಿಲ್ಲ ಅಂದಿದ್ರೆ ಊರವರೂ ಆಗುದಿಲ್ಲ ಅಂತಿದ್ರು. ನಿನ್ನ ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತವರಲ್ಲಿ ನಾನೂ ಒಬ್ಬ. ರಸ್ತೆ ಬೇಕು ಅಂತ ನನಗೂ ಇತ್ತು. ಯಾರನ್ನು ಬೈಯುದು ಹೇಳು?"

ಮಳೆಯಲ್ಲೇ ಎದ್ದು ಬಂದೆ. ಅವರು ಮತ್ತೆ ಆ ಬಂಡೆಯ ಹತ್ತಿರ ಹೋಗಲಿಲ್ಲ. ಹೊಳೆ ದಾಟಬೇಕಿದ್ದರೆ ಸುತ್ತು ಹಾಕಿ ಕೆಳಗಿನ ಮರದ ಸಂಕದ ಮೇಲೆ ದಾಟಿ ಬರುತ್ತಿದ್ದರು.

ಅವಧಿ ಮುಗಿದಾಗ ಮತ್ತೊಮ್ಮೆ ನಿಲ್ಲಿ ಎಂದು ಜನ ಬಂದು ಕೇಳಿದರು. ಒಲ್ಲೆ ಎಂದೆ. ಅದರಿಂದ ಹೊಳೆಗೆ ಏನೂ ಉಪಕಾರವಾಗಲಿಲ್ಲ. ಈಗ ಗುಂಡಿಯ ಮೇಲೆ ತೂಗುಸೇತುವೆ ಮಾಡುವ ಮಾತು ನಡೆದಿದೆ. ನನ್ನ ಜಾಗಕ್ಕೆ ಬಂದ ಹೆಂಗಸು ಪ್ರಾಮಾಣಿಕಳು, ಊರಿನ ಮೇಲೆ ಪ್ರೀತಿ ಇರುವವಳು, ಹೊಳೆಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಿಂದಲೇ ಹೇಳುತ್ತಾಳೆ. ನಾನೂ ಹಾಗೆಯೇ ಇದ್ದೆ. ಅದನ್ನು ನೆನೆದರೇ ನನಗೆ ಹೆದರಿಕೆ.