ತೊಂಡೆಸೊಪ್ಪಿನ ಸ್ಲೇಟು, ಐದು ನಿಮಿಷ

ಬೆಳಿಗ್ಗೆ ಹಿತ್ತಿಲ ಬೇಲಿಯಲ್ಲಿ ತೊಂಡೆಕಾಯಿ ಕುಯ್ಯುತ್ತಿದ್ದೆ. ಕೈಗೆ ಸಿಕ್ಕಿ ನಲುಗಿದ ಎಲೆಗಳ ಹಸಿವಾಸನೆ ಮೂಗಿಗೆ ಬಡಿದದ್ದೇ, ನಮ್ಮ ಲೆಕ್ಕದ ಟೀಚರು ಕಣ್ಣ ಮುಂದೆ ಬಂದು ನಿಂತರು. ಅವರ ಕ್ಲಾಸಿಗೆಂದು ನಾವು ಸ್ಲೇಟಿಗೆ ತೊಂಡೆಸೊಪ್ಪು, ಇದ್ದಿಲು ಹಾಕಿ ಉಜ್ಜಿ ಕಪ್ಪಗೆ ಮಾಡಿಕೊಂಡು ಹೋಗುತ್ತಿದ್ದೆವು.

ಹೈಸ್ಕೂಲಿನವರಿಗೆ ಸ್ಲೇಟು ಯಾಕೆ ಅನ್ನಬಹುದು. ತೊಂಬತ್ತರ ದಶಕದ ಆ ದಿನಗಳಲ್ಲಿ ತೆರಕಣಾಂಬಿಯ ನಮ್ಮ ಸ್ಕೂಲಿನ ಹುಡುಗರೂ ಅದನ್ನೇ ಅಂದಿದ್ದರು. "ಮೀಸೆ ಬತ್ತಾ ಅದೆ, ಒಂದ್ನೇ ಕ್ಲಾಸ್ಗೆ ಓಗನ ಬನ್ರಲಾ" ಎಂದು ಕಿಸಿಕಿಸಿ ನಕ್ಕಿದ್ದರು. ಟೀಚರು ಅವರ ಜೊತೆ ತಾವೂ ನಕ್ಕು, ಅಟ್ಟದ ಮೇಲಿರುವ ಹಳೇ ಸ್ಲೇಟುಗಳನ್ನೇ ತರಲು ಹೇಳಿದರು.

ಗುಂಡ್ಲುಪೇಟೆ ಬಸ್ಸಿನಿಂದ ಇಳಿದು ಬರುತ್ತಿದ್ದ ಅವರು ಕ್ಲಾಸಿಗೆ ಕಾಲಿಟ್ಟೊಡನೆ ಹೇಳುತ್ತಿದ್ದದ್ದು ಒಂದೇ ಮಾತು, "ಪುಸ್ತಕ ಮುಚ್ಚಿ." ನಿನ್ನೆ ಮಾಡಿದ್ದರಲ್ಲಿ ಒಂದು ಲೆಕ್ಕ, ಹೋದ ವಾರದ್ದು ಒಂದು, ಎಲ್ಲರೂ ಮರೆತೇಬಿಟ್ಟಿರುತ್ತಿದ್ದ ಹಳೇ ಪಾಠದ್ದು ಒಂದು. ಐದು ನಿಮಿಷ. ಬರೆದು ಎಲ್ಲರೂ ಒಟ್ಟಿಗೇ ಸ್ಲೇಟು ಎತ್ತಬೇಕು. ಮಾರ್ಕಿಲ್ಲ, ಬೈಗುಳವಿಲ್ಲ. ಯಾರದಾದರೂ ತಪ್ಪಿದ್ದರೆ, "ಇದಿನ್ನೂ ನಿನ್ನೊಳಗೆ ಕೂತಿಲ್ಲ ಕಣಮ್ಮ, ಗುರುವಾರ ಮತ್ತೆ ಕೇಳ್ತೀನಿ" ಅನ್ನುತ್ತಿದ್ದರು. ಗುರುವಾರ ಮರೆಯದೆ ಕೇಳುತ್ತಿದ್ದರು.

ಈ ಐದು ನಿಮಿಷ ಹೆಚ್ಚಾಗಿ ಒದಗಿದ್ದು ನಮ್ಮಕ್ಕನಿಗೆ. ನಾನು ಎಂಟನೇ ಕ್ಲಾಸು, ಅವಳು ಹತ್ತು. ಬೋರ್ಡಿನ ಮೇಲೆ ನೋಡಿದಾಗ ಎಲ್ಲಾ ತಿಳಿದಂತಿರುತ್ತಿತ್ತು ಅವಳಿಗೆ, ಮನೆಗೆ ಬರುವಷ್ಟರಲ್ಲಿ ಖಾಲಿ. ಟೀಚರು ಹಾಗೆ ಕೇಳಿ ಕೇಳಿ ಅವಳಿಗೂ ಅದೇ ಅಭ್ಯಾಸ ಹತ್ತಿತು. ಒಲೆ ಮುಂದೆ ಕೂತು ಬೂದಿ ಹರಡಿಕೊಂಡು, ಪುಸ್ತಕ ನೋಡದೆ, ವರ್ಗ ಸಮೀಕರಣದ ಸೂತ್ರವನ್ನು ಬೆರಳಲ್ಲಿ ಬರೆಯುವಳು. ತಪ್ಪಾದರೆ ಅಂಗೈಯಿಂದ ಸವರಿ ಮತ್ತೆ ಬರೆಯುವಳು. "ಬೂದಿ ಎಲ್ಲಾ ಮುದ್ದೆಗ್ ಬಿದ್ದದು ಕಣಮ್ಮಿ" ಎಂದು ಅವ್ವ ಗದರಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಪರೀಕ್ಷೆಗೆ ಮುಂಚೆ ಒಂದು ಸಂಜೆ ಟೀಚರು ನಮ್ಮ ಮನೆಗೇ ಬಂದರು. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು.

"ನಿಮ್ಮ ದೊಡ್ಡವಳನ್ನ ಗುಂಡ್ಲುಪೇಟೆ ಕಾಲೇಜಿಗೆ ಕಳಿಸ್ತೀರಾ?" ಎಂದು ಟೀಚರು ಕೇಳಿದರು.

"ಲೆಕ್ಕದಲ್ಲಿ ಪಾಸಾಗ್ಲಿ ತಾಯಿ, ಕಳುಸ್ತೀನಿ" ಅಂದರು ಅಪ್ಪ. ಬಾಗಿಲ ಹಿಂದೆ ನಿಂತಿದ್ದ ಅಕ್ಕ ನನ್ನ ಕೈ ಹಿಸುಕಿದಳು...

ಅಕ್ಕ ಪಾಸಾದಳು. ಲೆಕ್ಕದಲ್ಲಿ ಅವಳಿಗೆ ಬಂದಷ್ಟು ನಮ್ಮ ಬೀದಿಯಲ್ಲಿ ಯಾರಿಗೂ ಬಂದಿರಲಿಲ್ಲ. ಕಾಲೇಜಿಗೆ ಉಡಲು ಅವ್ವನ ಒಂದು ಹಳೇ ಸೀರೆಯನ್ನು ನೀಲಿ ಹಾಕಿ ಒಗೆದು, ಮಡಿಸಿಟ್ಟುಕೊಂಡಳು. ಆ ವಾರವೇ ಹರವೆಯಿಂದ ಗಂಡಿನ ಕಡೆಯವರು ಬಂದು ಹೋದರು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯೇ ಬೇಕು ಎಂದು ಅವರು ಹುಡುಕುತ್ತಿದ್ದರಂತೆ.

ಸುದ್ದಿ ತಿಳಿದು ಟೀಚರು ಓಡಿ ಬಂದರು. ಅವ್ವ ಕಾಫಿ ಕೊಟ್ಟಳು, ಅವರು ಲೋಟ ಮುಟ್ಟಲಿಲ್ಲ.

"ನೀವು ನಂಗೆ ಮಾತು ಕೊಟ್ಟಿದ್ರಿ."

ಅಪ್ಪ ಕೋಪಿಸಿಕೊಳ್ಳಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು, ಸಮಾಧಾನವಾಗಿಯೇ ಹೇಳಿದರು. "ಕೊಟ್ಟಿದ್ದೆ ಕಣವ್ವ, ಇಲ್ಲ ಅನ್ನಕಿಲ್ಲ. ಆಗ ಫೇಲಾಯ್ತಳೆ ಅನ್ಕಂಡಿದ್ದೆ. ಈಗ ನೀವು ಪಾಸ್ ಮಾಡ್ಸಿದ್ಕೇ ಒಳ್ಳೆ ಮನೆಯವ್ರು ಒಪ್ಪವ್ರೆ. ನಿಮ್ ಉಪ್ಕಾರ ಮರೆಯಕಾದದಾ?"

ಟೀಚರು ಎದ್ದರು. ಅಕ್ಕನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದರು. ಅಕ್ಕ ಅಳಲಿಲ್ಲ. ಆರಿದ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದಳು, ಅಷ್ಟೇ. ಮದುವೆಗೆ ಟೀಚರು ಬರಲಿಲ್ಲ.

ಸ್ಕೂಲಿನಲ್ಲಿ ಅವರ ಐದು ನಿಮಿಷ ನಿಲ್ಲಲಿಲ್ಲ. ಅದೇ "ಪುಸ್ತಕ ಮುಚ್ಚಿ", ಅದೇ ಮೂರು ಲೆಕ್ಕ. ಸಾಲಿನಲ್ಲಿ ಒಬ್ಬೊಬ್ಬರ ಸ್ಲೇಟನ್ನೂ ಬಗ್ಗಿ ನೋಡುತ್ತಾ ಬರುತ್ತಿದ್ದವರು ನನ್ನ ಹತ್ತಿರ ಮಾತ್ರ ನಿಲ್ಲುತ್ತಿರಲಿಲ್ಲ. ನನ್ನ ಮುಖ ಅಕ್ಕನ ಹಾಗೇ ಇದೆ ಎಂದು ಎಲ್ಲರೂ ಅನ್ನುತ್ತಿದ್ದರು... ಮರುವರ್ಷ ಅವರಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಆಮೇಲೆ ನಾನು ಅವರನ್ನು ಕಾಣಲಿಲ್ಲ.

ಹೋದ ತಿಂಗಳು ಗುಂಡ್ಲುಪೇಟೆ ಸಂತೆಯಲ್ಲಿ ಹಳೇ ಸಹಪಾಠಿಯೊಬ್ಬಳು ಸಿಕ್ಕಿ, ಟೀಚರು ತೀರಿಕೊಂಡರೆಂದು ಹೇಳಿದಳು. ಅಕ್ಕನಿಗೆ ಹೇಳಲೋ ಬೇಡವೋ ಎಂದು ಇಷ್ಟು ದಿನ ತಳ್ಳಿದ್ದೆ. ಇವತ್ತು ತೊಂಡೆಕಾಯಿ ಮೊರವನ್ನು ಕೆಳಗಿಟ್ಟು ಫೋನು ಮಾಡಿದೆ.

ಟೀಚರ ಸುದ್ದಿ ಹೇಳಿದೆ. ಆಮೇಲೆ ಅಕ್ಕ ನನಗೆ ಎಂದೂ ಹೇಳದಿದ್ದ ಒಂದು ವಿಷಯ ಹೇಳಿದಳು.

"ದೊಡ್ ಮಗ ಕೈಗೂಸಾಗಿದ್ದಾಗ ನಮ್ ಹರವೆ ಬಸ್ಟಾಂಡಲ್ಲಿ ಅವರ್ನ ನೋಡ್ದೆ ಕಣಮ್ಮಿ. ಚಾಮ್ರಾಜ್ನಗರದ ಬಸ್ಸಲ್ಲಿ ಕಿಟ್ಕಿ ತಾವ ಕೂತಿದ್ರು. ಓಗಿ ಮಾತಾಡ್ಸನ ಅಂತ ಎರಡೆಜ್ಜೆ ಇಟ್ಟೆ. ಈಗೇನ್ ಮಾಡ್ತಿದ್ದೀಯಮ್ಮ ಅಂತ ಕೇಳ್ಬುಟ್ರೆ ಏನೇಳ್ಳಿ? ಅದ್ಕೇ ಸೆರಗು ಮುಸುಕಾಕ್ಕಂಡು ಕಂಬದ್ ಹಿಂದಕ್ಕೋದೆ."

"ಅವರು ನಿನ್ನ ನೋಡಲಿಲ್ವಾ ಅಕ್ಕ?"

"ಬಸ್ಸು ಹೊರಡಗಂಟ ಆ ಕಂಬನೇ ನೋಡ್ತಾ ಕೂತಿದ್ರು."