ಹಗಲು ಮಲಗುವವರ ಕಿಟಕಿ

ಒಂದು ಕಿಟಕಿಗೆ ನಾನು ಆರು ಸಲ ಟೇಪು ಹಿಡಿಯುತ್ತಿದ್ದೆ. ಅಗಲಕ್ಕೆ ಮೇಲೆ, ನಡುವೆ, ಕೆಳಗೆ; ಎತ್ತರಕ್ಕೆ ಎಡಕ್ಕೆ, ನಡುವೆ, ಬಲಕ್ಕೆ. ಬಂದದ್ದರಲ್ಲಿ ಎಲ್ಲಕ್ಕಿಂತ ಸಣ್ಣ ಅಂಕಿಯನ್ನು ಬರೆದುಕೊಳ್ಳುವುದು. ನಮ್ಮ ಕಡೆಯ ಗೌಂಡಿಗಳು ಗೋಡೆಯನ್ನು ಗಟ್ಟಿಯಾಗಿಯೇ ಕಟ್ಟುತ್ತಾರೆ, ಆದರೆ ಕಿಟಕಿಯ ನಾಲ್ಕು ಮೂಲೆಗಳು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇರುತ್ತವೆ. ಮೇಲೆ ನಾಲ್ಕು ಅಡಿ ಇದ್ದದ್ದು ಕೆಳಗೆ ಬರುವಷ್ಟರಲ್ಲಿ ಮೂರು ಸೂತ ಹೆಚ್ಚಾಗಿರುತ್ತದೆ. ಒಂದು ಇಂಚಿಗೆ ಎಂಟು ಸೂತ. ನನ್ನ ಜೀವನದ ಬಹುಪಾಲು ಜಗಳಗಳು ಒಂದೆರಡು ಸೂತಕ್ಕಾಗಿಯೇ ಆದವು.

ಚಿಕ್ಕೋಡಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಪರದೆ ಹೊಲಿಯುತ್ತಿದ್ದವಳು ನಾನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಸರಪಳಿ ಎಳೆದರೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಬ್ಲೈಂಡ್ ಎಂಬ ಸಾಮಾನು ಮೊದಲು ಬ್ಯಾಂಕುಗಳಿಗೆ, ಆಮೇಲೆ ಡಾಕ್ಟರುಗಳ ದವಾಖಾನೆಗಳಿಗೆ, ಕೊನೆಗೆ ಮನೆಗಳಿಗೆ ಬಂತು. ಕೊಲ್ಲಾಪುರದ ವ್ಯಾಪಾರಿಗೆ ಅಳತೆ ಕಳಿಸಿದರೆ ಅಲ್ಲಿಂದ ತಯಾರಾಗಿ ಬರುತ್ತಿತ್ತು. ಪರದೆಯಾದರೆ ಹೊಲಿಗೆ ಬಿಚ್ಚಿ ಸರಿಮಾಡಬಹುದು. ಬ್ಲೈಂಡು ಹಾಗಲ್ಲ, ಒಮ್ಮೆ ಕತ್ತರಿಸಿದರೆ ಮುಗಿಯಿತು.

ಹೆಂಗಸು ಟೇಪು ಹಿಡಿದು ಸ್ಟೂಲು ಹತ್ತುವುದನ್ನು ಜನ ಬೇಗ ಒಪ್ಪಿಕೊಂಡರು. ಒಳಕೋಣೆಗಳಿಗೆ ಗಂಡಸರನ್ನು ಬಿಡುವುದಕ್ಕಿಂತ ನಾನೇ ಮೇಲು ಎಂದು ಮನೆಯ ಹೆಣ್ಣುಮಕ್ಕಳು ಖುಷಿಪಟ್ಟರು. ನನ್ನ ಅಳತೆಯನ್ನು ಮಾತ್ರ ಗಂಡಸರು ಒಪ್ಪಲಿಲ್ಲ. ಅಥಣಿಯ ದ್ರಾಕ್ಷಿ ತೋಟದವರ ಮನೆಯಲ್ಲಿ ನಾನು ಇಳಿದ ಕೂಡಲೇ ಯಜಮಾನರು ಅದೇ ಸ್ಟೂಲು ಹತ್ತಿದರು. “ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ಒಂದ್ಸಲ ನಾವೂ ಹಿಡದ ನೋಡ್ತೀವಿ.” ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು “ತಾಈ, ಮಾಪ್ ನೀಟ್ ಘೇತಲಂ ನಾ?” ಅಂತ ಮರಾಠಿಯಲ್ಲಿ, ಅಳತೆ ಸರಿಯಾಗಿ ಹಿಡಿದಿರಿ ತಾನೇ ಎಂದು ಮೂರು ಸಲ ಕೇಳಿ, ನಾನು ಮೂರು ಸಲ ಹೂಂ ಎಂದ ಮೇಲೆ ಪಕ್ಕದ ಅಂಗಡಿಯವನನ್ನು ಕರೆಸಿ ಅಳೆಸಿದರು. ಕಾಗವಾಡದಲ್ಲಿ ಒಬ್ಬರ ಟೇಪು ನಡುವೆ ಜೋತುಬಿದ್ದು ಎರಡು ಸೂತ ಹೆಚ್ಚು ಬಂತು. ತಪ್ಪು ನನ್ನದೇ ಎಂದು ಅವರು ಮುಖ ಗಂಟು ಹಾಕಿಕೊಂಡರು. ನಾನು ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು, ಬಿಗಿಯಾಗಿ ಎಳೆದು, ಅಂಕಿಯನ್ನು ಅವರ ಬಾಯಿಂದಲೇ ಜೋರಾಗಿ ಓದಿಸಿದೆ. ಅಂದಿನಿಂದ ಯಾರು ಅನುಮಾನ ಪಟ್ಟರೂ ಅದೇ ನನ್ನ ಮದ್ದಾಯಿತು: ವಾದ ಮಾಡದೆ ಟೇಪು ಹಿಡಿದು ತೋರಿಸುವುದು. ಅದರಲ್ಲಿ ನನಗೆ ಸುಖವಿತ್ತು, ಸುಳ್ಳೇಕೆ ಹೇಳಲಿ.

ದಿಗ್ಗೇವಾಡಿಯಿಂದ ಫೋನು ಬಂದಾಗ ಈ ಕೆಲಸಕ್ಕೆ ಹತ್ತು ವರ್ಷ ದಾಟಿತ್ತು. ಕಬ್ಬು ಸಾಗಿಸುವ ಕಾಲ. ಮಾತಾಡಿದವಳು ರಾಯಬಾಗದ ಒಂದು ಖಾಸಗಿ ದವಾಖಾನೆಯ ನರ್ಸು. ದಿನಾ ರಾತ್ರಿ ಪಾಳಿ. ಒಂದೇ ಕಿಟಕಿ, ಬಂದು ಅಳೆದುಕೊಂಡು ಹೋಗಬೇಕು ಎಂದಳು. ಒಂದೇ ಕಿಟಕಿಗೆ ಅಷ್ಟು ದೂರ ಹೋಗುವುದೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಬಸ್ಸು ಹತ್ತಿದೆ.

ರಸ್ತೆಯ ಅಂಚಿಗೆ ಹೊಸದಾಗಿ ಕಟ್ಟಿದ ಎರಡು ಕೋಣೆಯ ಮನೆ. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಅವಳು ನರ್ಸಿಂಗ್ ಮುಗಿಸಿದ ದಿನದ ಫೋಟೋ. ಗಂಡ ಮೀರಜಿನಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇಬ್ಬರೇ. ಅತ್ತೆ ಮೂವತ್ತು ವರ್ಷ ಬೇರೆಯವರ ಹೊಲದಲ್ಲಿ ಕಬ್ಬು ಕಡಿದು ಕೂಲಿ ಮಾಡಿದವರು. ಸೊಸೆಗೆ ಪಗಾರ ಬರತೊಡಗಿದ ಮೇಲೆ ಕುಡುಗೋಲು ಕೆಳಗಿಟ್ಟಿದ್ದರು.

ಅವಳು ಮಲಗುವ ಕೋಣೆಯ ಕಿಟಕಿ ಪೂರ್ವಕ್ಕೆ, ರಸ್ತೆಗೆ ಮುಖಮಾಡಿತ್ತು. ಗಾಜಿಗೆ ಹಳೆಯ ಪೇಪರು ಅಂಟಿಸಿ, ಅದರ ಮೇಲೆ ಎರಡು ಮೊಳೆಗೆ ಒಂದು ಕೌದಿಯನ್ನು ಸಿಕ್ಕಿಸಿದ್ದರು. ನಾನು ನೋಡುತ್ತಿದ್ದಂತೆ ಹೊರಗೆ ಎರಡು ಟ್ರೇಲರು ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಹೋಯಿತು, ಮನೆ ಅದುರಿ ಕೌದಿಯ ಒಂದು ತುದಿ ಕಳಚಿ ಬಿತ್ತು.

“ದಿನಾ ಹಿಂಗಽ ನೋಡ್ರಿ,” ಎಂದಳು ನರ್ಸು. ಪಾಳಿಯಿಂದ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ, ಕಣ್ಣು ಕೆಂಡದಂತಿದ್ದವು. “ಗದ್ದಲದ್ದ ಏನೂ ಇಲ್ರಿ, ಅದು ರೂಢಿ ಆಗೇತಿ. ಬೆಳಕಿಗೆ ಎಚ್ಚರ ಆಗ್ತೈತಿ. ನನಗ ಕತ್ತಲಿ ಬೇಕ್ರಿ ಅಕ್ಕಾರ. ಚಂದ ಕಾಣದಿದ್ರೂ ನಡೀತೈತಿ.”

ಮಂಚ ತಿರುಗಿಸಿ ಹಾಕಬಾರದೇ ಎಂದು ಕೇಳಿದೆ. ತಿರುಗಿಸಿದರೆ ಬಾಗಿಲು ತೆರೆಯುವುದಿಲ್ಲ ಎಂದಳು. ಅಷ್ಟೇ ಜಾಗ.

ಅವಳು ಕೇಳಿದ್ದು ಇಷ್ಟು ಸ್ಪಷ್ಟವಾಗಿತ್ತು. ಆದರೆ ನನ್ನ ಕಣ್ಣು ಚೌಕಟ್ಟಿನ ಮೇಲಿತ್ತು. ಸಾಗವಾನಿ ಚೌಕಟ್ಟು, ಹೊಸ ಪಾಲಿಶು. ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತ, “ಇಡೀ ಮನ್ಯಾಗ ಇದೊಂದ ತುಟ್ಟಿ ಸಾಮಾನ ನೋಡವಾ,” ಎಂದರು. ಇಂಥ ಕಡೆ ಬ್ಲೈಂಡನ್ನು ಎರಡು ರೀತಿ ಕೂರಿಸಬಹುದು. ಗೋಡೆಯ ಮೇಲೆ, ಕಿಟಕಿಗಿಂತ ದೊಡ್ಡದಾಗಿ ಮಾಡಿ ಚೌಕಟ್ಟನ್ನೂ ಮುಚ್ಚಿಬಿಡುವುದು ಒಂದು. ಅದಕ್ಕೆ ಅಳತೆ ನಾಲ್ಕು ಬೆರಳು ಆಚೀಚೆಯಾದರೂ ನಡೆಯುತ್ತದೆ, ಯಾರು ಬೇಕಾದರೂ ಮಾಡಬಹುದು. ಇನ್ನೊಂದು, ಚೌಕಟ್ಟಿನ ಒಳಗೇ ಕೂರಿಸುವುದು. ಅದಕ್ಕೆ ಸೂತ ತಪ್ಪುವಂತಿಲ್ಲ. ಕೂತರೆ ಕಿಟಕಿಯ ಜೊತೆಗೇ ಹುಟ್ಟಿತ್ತೇನೋ ಅನ್ನಿಸಬೇಕು. ನಾನು ಯಾವುದನ್ನು ಆರಿಸಿದೆ ಎಂದು ಹೇಳಬೇಕಾಗಿಲ್ಲ. ಆರು ಸಲ ಟೇಪು ಹಿಡಿದು, ಎರಡು ಸಲ ಮೂಲೆಯಿಂದ ಮೂಲೆಗೆ ಹಿಡಿದು ಬರೆದುಕೊಂಡೆ.

ಹತ್ತು ದಿನಕ್ಕೆ ಬ್ಲೈಂಡು ಬಂತು. ದಪ್ಪನೆಯ ಬಟ್ಟೆ, ಬೆಳಕು ತೂರದಂಥದ್ದು. ನನ್ನ ಜೊತೆ ಬರುವ ಬಡಿಗ್ಯಾ ಡ್ರಿಲ್ ಮಶೀನಿನಿಂದ ತೂತು ಕೊರೆದು ಕೂರಿಸಿದ. ಗಾಜಿನ ಪೇಪರು ಕೆರೆದು, ಕೌದಿಯ ಮೊಳೆ ಕಿತ್ತು ಆ ತೂತುಗಳನ್ನೂ ಮುಚ್ಚಿದ. ಅತ್ತೆ ಸರಪಳಿ ಎಳೆದು ಮೇಲೆ ಕೆಳಗೆ ಮಾಡಿ ನಕ್ಕರು. ನಾನು ಸಮಾಧಾನದಿಂದ ಬಸ್ಸು ಹತ್ತಿದೆ.

ನಾಲ್ಕನೆಯ ದಿನ ಫೋನು. “ಅಕ್ಕಾರ, ಬೆಳಕ ಬರಾಕತ್ತೈತ್ರಿ.”

“ಎಲ್ಲಿಂದ?”

“ಎರಡೂ ಬಾಜೂದಿಂದ.”

ಬರುತ್ತದೆ, ನನಗೆ ಗೊತ್ತು. ಮೇಲಿನ ಕೊಳವೆಯ ಎರಡು ತುದಿಗೆ ಕ್ಲಾಂಪು ಇರುತ್ತವೆ, ಒಂದು ತುದಿಗೆ ಸರಪಳಿ. ಅವುಗಳಿಗೆ ಜಾಗ ಬಿಟ್ಟು ಬಟ್ಟೆಯನ್ನು ಕತ್ತರಿಸುತ್ತಾರೆ. ಚೌಕಟ್ಟಿನ ಒಳಗೆ ಕೂರಿಸಿದರೆ ಎರಡೂ ಬದಿಗೆ ಬೆರಳಗಲ ಸಂದಿ ಉಳಿದೇ ಉಳಿಯುತ್ತದೆ. ಅದು ದೋಷವಲ್ಲ, ಅದರ ಗುಣ. ಹಾಗೆಂದು ಹೇಳಿದೆ. ಅವಳು ಫೋನು ಇಟ್ಟಳು. ವಾರದ ಮೇಲೆ ಮತ್ತೆ ಫೋನು ಮಾಡಿ, ಒಮ್ಮೆ ಬಂದು ಹೋಗಿ ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಆದರೆ ನನ್ನ ಕಿವಿಗೆ ಅಥಣಿ, ನಿಪ್ಪಾಣಿ, ಕಾಗವಾಡದ ಗಂಡಸರೆಲ್ಲ ಒಟ್ಟಿಗೆ ಮಾತಾಡಿದಂತೆ ಕೇಳಿಸಿತು.

ಹೋದೆ. ಚೀಲ ಇಳಿಸುವ ಮೊದಲೇ ಟೇಪು ತೆಗೆದು ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಬಿಗಿಯಾಗಿ ಎಳೆದೆ. ಚೀಟಿಯಲ್ಲಿ ಬರೆದದ್ದನ್ನು ತೋರಿಸಿ, “ಓದ್ರಿ,” ಎಂದೆ. ಅವಳು ಓದಿದಳು. ಎರಡೂ ಒಂದೇ.

“ಅಳತಿ ತಪ್ಪೇತಿ ಅಂತ ನಾ ಎಲ್ಲಿ ಅಂದೆನ್ರಿ?” ಎಂದಳು ಮೆಲ್ಲಗೆ. “ನಿದ್ದಿ ಬರವಲ್ದು ಅಂದೆ.”

“ನಿದ್ದಿಗೆ ನಾ ಏನ ಮಾಡ್ಲಿ ತಂಗಿ? ನಾ ಕಿಡಕಿ ಅಳ್ಯಾಕಿ.”

ಈ ಮಾತನ್ನು ಹೇಳಿದವಳು ನಾನೇ. ಬಸ್ಸಿನಲ್ಲಿ ಕೂತು, ಸರಿಯಾಗಿ ಹೇಳಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ನೆನಪಿದೆ.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ಚಿಕ್ಕೋಡಿಗೆ ಬಂದು, ಪರದೆ ಹೊಲಿಯುವವಳ ಮನೆ ಎಲ್ಲಿ ಎಂದು ನಾಲ್ಕು ಜನರನ್ನು ಕೇಳಿ ನನ್ನ ಮುಂದೆ ನಿಂತರು. ನೀರು ಕೊಟ್ಟೆ, ಕುಡಿಯಲಿಲ್ಲ.

“ಸೊಸಿ ಡೂಟಿ ಮ್ಯಾಗ ಕುಂತಲ್ಲೆ ತೂಕಡಿಸಿದ್ಳಂತ,” ಎಂದರು. “ಪೇಶಂಟಿಗೆ ಹಚ್ಚಿದ್ದ ಸಲಾಯಿನ ಖಾಲಿ ಆಗಿ ನಳಿಗ್ಯಾಗ ರಕ್ತ ಏರಿತ್ತಂತ. ಬಾಜೂ ಮಂಚದವರು ನೋಡಿ ಒದರ್ಯಾರ. ಪೇಶಂಟಿಗೆ ಏನೂ ಆಗಿಲ್ಲ, ಪುಣ್ಯಾ. ತಪ್ಪಾತಂತ ಇಕಿ ಕಡಿಂದ ಬರಸ್ಕೊಂಡಾರ. ಇನ್ನೊಮ್ಮಿ ಹಿಂಗಾದ್ರ ಕೆಲಸಕ್ಕ ಬರಬ್ಯಾಡ ಅಂದಾರ.”

ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

“ನನ್ನ ರಟ್ಯಾಗ ಇನ್ನ ಕಬ್ಬ ಕಡಿಯೂ ತಾಕತ್ತಿಲ್ಲವಾ. ನೀ ಒಂದ ಕೆಲಸಾ ಮಾಡು. ಅಕಿ ಮಲಗೂ ಮಂಚದ ಮ್ಯಾಗ ಒಂದ ತಾಸ ಮಲ್ಕೊಂಡ ನೋಡು. ಆಮ್ಯಾಲ ಬೇಕಾದ್ದ ಹೇಳು.”

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಯಲ್ಲಿದ್ದೆ. ಕೋಣೆಯ ಮಂಚ ಖಾಲಿಯಿತ್ತು. ಸೊಸೆ ಎಲ್ಲಿ ಎಂದೆ. ಅತ್ತೆ ಉತ್ತರ ಹೇಳದೆ ಮಂಚದತ್ತ ಕೈ ತೋರಿಸಿ, ಬಾಗಿಲು ಎಳೆದುಕೊಂಡು ಹೋದರು. ಬೇರೆಯವರ ಹಾಸಿಗೆಯ ಮೇಲೆ ಹಾಡುಹಗಲೇ ಮಲಗುವುದು ಎಂಥ ಮುಜುಗರದ ಕೆಲಸ! ಆದರೂ ದಿಂಬಿಗೆ ತಲೆಯಿಟ್ಟೆ.

ಹತ್ತು ವರ್ಷದಲ್ಲಿ ಸಾವಿರಾರು ಕಿಟಕಿಗಳನ್ನು ನಾನು ನಿಂತೇ ನೋಡಿದ್ದೆ. ಸ್ಟೂಲಿನ ಮೇಲೆ ನಿಂತು, ಮೂಗು ಚೌಕಟ್ಟಿಗೆ ತಾಗಿಸಿ. ಮಲಗಿ ನೋಡಿದ್ದು ಅದೇ ಮೊದಲು. ನಿಂತಾಗ ಬೆರಳಗಲ ಕಾಣುವ ಸಂದಿಯಿಂದ ಬಿಸಿಲು ಓರೆಯಾಗಿ ನುಗ್ಗಿ ಸರಿಯಾಗಿ ದಿಂಬಿನ ಮೇಲೆ ಬಿದ್ದಿತ್ತು. ಕೋಣೆಯೆಲ್ಲ ಕತ್ತಲೆ, ನನ್ನ ಮುಖದ ಮೇಲೆ ಮಾತ್ರ ಉದ್ದನೆಯ ಬಿಸಿಲ ಪಟ್ಟಿ. ಕಣ್ಣು ಮುಚ್ಚಿದೆ, ರೆಪ್ಪೆಯೊಳಗೆ ಕೆಂಪಾಯಿತು. ಮಗ್ಗುಲು ತಿರುಗಿದರೆ ಎದುರು ಗೋಡೆಯ ಮೇಲೆ ಇನ್ನೊಂದು ಪಟ್ಟಿ. ಟ್ರ್ಯಾಕ್ಟರು ಹೋದಾಗಲೆಲ್ಲ ಅದರ ನೆರಳು ಬೆಳಕನ್ನು ಕಡಿದು ಮತ್ತೆ ಬಿಡುತ್ತಿತ್ತು. ಯಾರೋ ಮುಖದ ಮೇಲೆ ದೀಪ ಆರಿಸಿ ಹಚ್ಚಿದ ಹಾಗೆ. ಕೌದಿಯೇ ವಾಸಿಯಿತ್ತು, ಬೀಳುವವರೆಗಾದರೂ ಅದು ಚೌಕಟ್ಟನ್ನು ಮುಚ್ಚುತ್ತಿತ್ತು. ಹತ್ತು ನಿಮಿಷವೂ ಮಲಗಲಾಗಲಿಲ್ಲ. ಎದ್ದು ಕೂತಾಗ ನನಗೆ ನಾಚಿಕೆಯಾಯಿತು. ಒಳ್ಳೆಯ ನಾಚಿಕೆಯೇ ಆಯಿತು.

ಹೊರಗೆ ಬಂದೆ. ಅತ್ತೆ ಏನೂ ಕೇಳದೆ ಅಡುಗೆಮನೆಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಕಾಳುಕಡಿ ಇಡಲು ತಗಡು ಹೊದಿಸಿದ ಸಣ್ಣ ಗೂಡು. ಕಿಟಕಿಯಿಲ್ಲ. ಎರಡು ಜೋಳದ ಚೀಲಗಳ ನಡುವೆ, ಕಾಲು ಚಾಚಲೂ ಜಾಗವಿಲ್ಲದೆ, ನರ್ಸು ಮುದುಡಿ ಮಲಗಿದ್ದಳು. ಆ ತಗಡಿನ ಕೆಳಗೆ ಮೈಯೆಲ್ಲ ಬೆವರು. ಬ್ಲೈಂಡಿನ ಸಂದಿಯ ಬೆಳಕು ತಾಳದೆ ಅವಳು ಮಲಗುತ್ತಿದ್ದದ್ದು ಅಲ್ಲಿಯೇ. ಬಿಸಿಲೇರಿ ತಗಡು ಕಾದ ಮೇಲೆ ಅದೂ ಇಲ್ಲ.

ಕೊಲ್ಲಾಪುರಕ್ಕೆ ಫೋನು ಮಾಡಿ ಹೊಸ ಬ್ಲೈಂಡು ಹೇಳಿದೆ, ಗೋಡೆಯ ಮೇಲೆ ಕೂರುವಂಥದ್ದು, ಸುತ್ತಲೂ ಒಂದೊಂದು ಗೇಣು ಹೆಚ್ಚು. “ಬರೋಬ್ಬರಿ ಎಷ್ಟು ಇಂಚು?” ಎಂದು ವ್ಯಾಪಾರಿ ಕೇಳಿದ. ಇಂಚಿನ ಗೊಡವೆ ಬೇಡ, ದೊಡ್ಡದು ಮಾಡು ಎಂದೆ. ನನಗೆ ಜ್ವರವೋ ಎಂದು ಅವನಿಗೆ ಅನುಮಾನ ಬಂದಿರಬೇಕು. ಬರಲು ಎಂಟು ದಿನ ಬೇಕು ಎಂದ.

ಎಂಟು ದಿನ ಅವಳು ಎಲ್ಲಿ ಮಲಗಬೇಕು? ಸಂಜೆ ಕರಿಯ ಅಸ್ತರದ ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದೆ. ಮರುದಿನ ಅವಳು ಪಾಳಿಯಿಂದ ಬರುವ ಮೊದಲೇ, ಏಳು ಗಂಟೆಗೆ, ಬಡಿಗ್ಯಾನನ್ನು ಎಬ್ಬಿಸಿಕೊಂಡು ಹೋದೆ. ಬ್ಲೈಂಡು ಬಿಚ್ಚಿದ್ದಾಯಿತು. ಬಟ್ಟೆ ಅಲುಗಾಡದಂತೆ ಸುತ್ತಲೂ ಮೊಳೆ ಹೊಡೆಯಬೇಕು. ಗೋಡೆಯ ಗಿಲಾವು ಹೊಸದು, ಸಣ್ಣ ಮೊಳೆ ಹಿಡಿಯಲಿಲ್ಲ. ಉಳಿದದ್ದು ಸಾಗವಾನಿ ಚೌಕಟ್ಟು. ಬಡಿಗ್ಯಾ ಸುತ್ತಿಗೆ ಹಿಡಿದು ನನ್ನ ಮುಖ ನೋಡಿದ, ನಾನು ಅತ್ತೆಯ ಮುಖ ನೋಡಿದೆ.

“ಹೊಡೀಪಾ,” ಎಂದರು ಅವರು. “ಹೊಡಿ, ಹೊಡಿ. ಅಕಿ ಬರೂ ಹೊತ್ತಾತು.”

ಮೂವತ್ತು ಮೊಳೆಗಳಾದವು. ಕೋಣೆಯಲ್ಲಿ ನನ್ನ ಕೈ ನನಗೆ ಕಾಣುತ್ತಿರಲಿಲ್ಲ.

ಎಂಟೂವರೆಯ ಬಸ್ಸಿಗೆ ನರ್ಸು ಬಂದಳು. ನಮ್ಮನ್ನು ನೋಡಿ ತಲೆಯಾಡಿಸಿದಳು, ಮಾತಾಡುವಷ್ಟು ಜೀವ ಇರಲಿಲ್ಲ. ಕೈಕಾಲು ತೊಳೆದು ಒಳಗೆ ಹೋದಳು. ಮಂಚ ಒಮ್ಮೆ ಕಿರ್ ಎಂದಿತು. ಬಡಿಗ್ಯಾ ಸಾಮಾನು ಚೀಲಕ್ಕೆ ತುಂಬಿಕೊಂಡು ರಸ್ತೆಗೆ ಇಳಿದ. ನನಗೆ ಅವಳೊಡನೆ ಎರಡು ಮಾತಾಡುವುದಿತ್ತು. ಚಹಾಕ್ಕೆ ಎದ್ದು ಬರುತ್ತಾಳೆಂದು ಪಡಸಾಲೆಯಲ್ಲಿ ಕಾದೆ. ಅರ್ಧ ತಾಸಾದರೂ ಅವಳು ಹೊರಬರಲಿಲ್ಲ. ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಹೋದವು, ಒಳಗೆ ಸದ್ದಿಲ್ಲ. ಅತ್ತೆ ಬಾಗಿಲ ಬಳಿ ಗೋಡೆಗೊರಗಿ ಕಾವಲು ಕೂತಂತೆ ಕೂತಿದ್ದರು. ಕೊನೆಗೆ ಅವರ ಮುಂದೆಯೇ ಹೇಳಿಬಿಡೋಣ ಎಂದು ಎದ್ದು ನಿಂತೆ.

“ನಂದ ತಪ್ಪಾತ್ರಿ,” ಎಂದೆ.

ಅವರು ತುಟಿಗೆ ಬೆರಳಿಟ್ಟರು. “ಸಣ್ಣಗ ಮಾತಾಡವಾ,” ಎಂದರು. “ಮಲಗ್ಯಾಳ.”