ನಮ್ಮ ಹಿತ್ತಲಿಗೆ ಹೆಗ್ಗಣ ಬಂದ ವರ್ಷ

ನಾನು ಬುಕ್ಕಸಾಗರದ ರೈತನ ಮಗಳು. ಗದ್ದೆಯ ಬದುಗಳ ಮೇಲೆ ಓಡಾಡಿ ಬೆಳೆದವಳು. ಭತ್ತ ಕೊಯ್ದಾದ ಮೇಲೆ ಅಪ್ಪ ಗುದ್ದಲಿ ಹಿಡಿದು ಬದು ಅಗೆಯುತ್ತಿದ್ದರು, ಒಳಗೆ ಇಲಿಗಳು ಕೂಡಿಟ್ಟ ತೆನೆಗಳನ್ನು ನಾನು ಲಂಗದಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದೆ. ಹಾಗಾಗಿ ಇಲಿ ಕಂಡರೆ ನನಗೆ ಭಯವೂ ಇಲ್ಲ, ಅಸಹ್ಯವೂ ಇಲ್ಲ. ಮದುವೆಯಾಗಿ ಹೊಸಪೇಟೆಗೆ ಬಂದು, ಮನೆಯ ಹಿಂದೆ ತರಕಾರಿ ಬೆಳೆಯಲು ಶುರುಮಾಡಿದ ಕೆಲವು ವರ್ಷಕ್ಕೆ, ಒಂದು ಬೆಳಿಗ್ಗೆ ಎಳೆಯ ಹೀರೇಕಾಯಿಯೊಂದು ಅರ್ಧಕ್ಕೆ ಮಾಯವಾಗಿ ಬಳ್ಳಿಯಲ್ಲಿ ನೇತಾಡುತ್ತಿತ್ತು. ಅದು ಯಾರ ಕೆಲಸವೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

"ಅಳಿಲು ಇರಬೇಕು ಬಿಡು," ಎಂದರು ನನ್ನ ಗಂಡ. ಅವರು ಸಂಡೂರು ರಸ್ತೆಯ ವೇಬ್ರಿಜ್ ಒಂದರಲ್ಲಿ ಅದಿರು ಲಾರಿಗಳನ್ನು ತೂಗುವ ಕೆಲಸದಲ್ಲಿದ್ದರು. ಬೂಟು ಹಾಕಿಕೊಳ್ಳುತ್ತಲೇ ಈ ತೀರ್ಪು ಕೊಟ್ಟಿದ್ದರು.

"ಅಳಿಲಿಗೆ ಇಷ್ಟು ದೊಡ್ಡ ಹಲ್ಲು ಎಲ್ಲೈತ್ರಿ? ಇದು ಹೆಗ್ಗಣ," ಎಂದೆ.

ನಮ್ಮದು ಊರಿನ ಅಂಚಿನ ಸಾಲಿನ ಮನೆ. ನಾನು ಬಂದ ಹೊಸತರಲ್ಲಿ ಹಿತ್ತಲಿನಾಚೆ ಕಾಲುವೆ ನೀರು ಕುಡಿಯುವ ಭತ್ತದ ಗದ್ದೆಯಿತ್ತು. ಗಣಿಗಾರಿಕೆ ಜೋರಾಗಿ, ಊರಿನಲ್ಲಿ ಲಾರಿ ನಿಲ್ಲಿಸಲು ಜಾಗ ಸಾಲದಾದಾಗ, ಗದ್ದೆಯ ಒಡೆಯರು ಕೊನೆಯ ಕೊಯ್ಲು ಮುಗಿಸಿ ಅದನ್ನು ಲಾರಿ ಯಾರ್ಡಿಗೆ ಬಿಟ್ಟುಕೊಟ್ಟರು. ಗರಸು ತಂದು ಸುರಿದರು, ಮಟ್ಟ ಮಾಡಿದರು, ಮೂಲೆಯಲ್ಲಿ ತಗಡಿನ ಛಾವಣಿಯ ಒಂದು ಡಾಬಾ ಎದ್ದಿತು. ಯಾರ್ಡಿಗೂ ನಮ್ಮ ಹಿತ್ತಲಿಗೂ ನಡುವೆ ಉಳಿದದ್ದು ಹಳೆಯ ಗದ್ದೆಯ ದಪ್ಪನೆಯ ಬದು ಒಂದೇ. ಹಗಲೆಲ್ಲ ಏಳುವ ಕೆಂಪು ಧೂಳು ಬದನೆ, ಮೆಂತ್ಯ, ಹೀರೆ ಎಲ್ಲದರ ಮೇಲೂ ಕೂರುತ್ತಿತ್ತು. ಬೆಳಿಗ್ಗೆ ಎದ್ದು ನಾನು ಮೊದಲು ಗಿಡಗಳ ಮೈ ತೊಳೆಯುತ್ತಿದ್ದೆ, ಆಮೇಲೆ ನನ್ನ ಮುಖ.

ಧೂಳಿಗೆ ನಾನು ಸೋತಿರಲಿಲ್ಲ. ಹೆಗ್ಗಣಕ್ಕೆ ಸೋಲುವ ಪ್ರಶ್ನೆಯೇ ಇರಲಿಲ್ಲ.

ನಮ್ಮತ್ತೆ ಬಂಡ್ರಿ ಊರಿನವರು. ಆಳು ಗಿಡ್ಡ, ದನಿ ಮಾತ್ರ ಆಚೆ ಬೀದಿಗೂ ಕೇಳುವಂಥದ್ದು. ಗೆಣಸಿನ ಮಡಿಯಲ್ಲಿ ಗಡ್ಡೆಗಳನ್ನು ಒಳಗಿನಿಂದಲೇ ಕೊರೆದು ಬರೀ ಸಿಪ್ಪೆ ಬಿಟ್ಟಿದ್ದು ನೋಡಿದ ದಿನ ಅವರು ಸೊಂಟಕ್ಕೆ ಸೆರಗು ಬಿಗಿದರು.

"ಪಾಷಾಣ ತಂದು ಹಾಕೋಣು. ಒಂದ ದಿನದಾಗ ಎಲ್ಲಾ ನೆಟ್ಟಗಾಕ್ತಾವೆ."

"ಬ್ಯಾಡತ್ತಿ. ಕೋಳಿ ಅದಾವೆ, ನಾವು ತಿನ್ನೋ ಸೊಪ್ಪು ಐತೆ. ವಿಷ ತಿಂದ ಇಲಿ ಎಲ್ಲೋ ಸತ್ತು ಬಿದ್ರೆ ಅದನ್ನ ನಾಯಿ ತಿಂತದ, ಬೆಕ್ಕು ತಿಂತದ."

"ಹಂಗಾರ ಇಲಿಗೆ ಹೋಳಿಗಿ ಮಾಡಿ ಹಾಕು," ಎಂದು ಅವರು ಒಳಗೆ ಹೋದರು. ಆದರೆ ಸಂಜೆಗೆ ಅಟ್ಟದಿಂದ ಹಳೆಯ ಇಲಿಬೋನನ್ನು ಇಳಿಸಿ, ಧೂಳು ಕೊಡವಿ ನನ್ನ ಮುಂದೆ ಇಟ್ಟವರೂ ಅವರೇ.

ಬೋನಿಗೆ ಸುಟ್ಟ ಒಣಕೊಬ್ಬರಿ ಕಟ್ಟಿದೆವು. ಮೊದಲು ಒಂದು ಸುಂಡಿಲಿ ಸಿಕ್ಕಿತು, ಅದರ ವಾಸನೆಗೆ ಬೋನನ್ನು ಬಿಸಿಲಿಗೆ ಹಾಕಬೇಕಾಯಿತು. ಆಮೇಲೆ ಪಕ್ಕದ ಮನೆಯ ಬೆಕ್ಕಿನ ಮರಿ ಸಿಕ್ಕಿ ಬೀದಿಗೆಲ್ಲ ಕೇಳುವಂತೆ ಅತ್ತಿತು. ಹೆಗ್ಗಣಗಳು ಮಾತ್ರ ಬೋನಿನ ಬಾಗಿಲಿಗೆ ಹಿಡಿಸುವ ಗಾತ್ರದವಲ್ಲ. ಅವು ಬೋನಿನ ಪಕ್ಕದಲ್ಲೇ ಮಣ್ಣು ಗುಡ್ಡೆ ಹಾಕಿ, ಶೇಂಗಾ ಗಿಡಗಳನ್ನು ಬುಡಸಮೇತ ಎಳೆದುಕೊಂಡು ಹೋಗುತ್ತಿದ್ದವು. ಬೋನು ಬಿಟ್ಟು ಬೇರೆ ಏನಾದರೂ ಮಾಡಬೇಕೆಂದು ನಾನು ಯೋಚಿಸುತ್ತಿರುವಾಗಲೇ ಯಾರ್ಡಿನ ಕಡೆಯಿಂದ ಜಗಳ ಬಂತು.

ಒಂದು ಮುಂಜಾನೆ ಒಬ್ಬ ಲಾರಿ ಡ್ರೈವರ್ ಬದು ದಾಟಿ ನೇರ ನಮ್ಮ ಹಿತ್ತಲಿಗೇ ಬಂದ. ಕಂಪ್ಲಿ ಕಡೆಯವನು, ಎತ್ತರದ ಆಳು, ಕುತ್ತಿಗೆಗೆ ಕೆಂಪು ಟವೆಲ್ಲು. ಕೈಯಲ್ಲಿ ಕಡಿದುಹೋದ ವೈರುಗಳ ಒಂದು ಗೊಂಚಲು ಹಿಡಿದಿದ್ದ.

"ನೋಡ್ರಿ ಅಕ್ಕಾರ, ಏನ್ ಮಾಡ್ಯಾವೆ ನಿಮ್ಮ ಇಲಿ! ನನ್ನ ಗಾಡಿ ವೈರಿಂಗ್ ಪೂರಾ ಕಡಿದಾವೆ. ಸೆಲ್ಫ್ ಹೊಡದ್ರೆ ಗಾಡಿ ಸುಮ್ಮನೈತೆ. ಇವತ್ತಿನ ಟ್ರಿಪ್ಪು ಹೋತು."

"ನಮ್ಮ ಇಲಿ ಯಾಕಾಗ್ತಾವ್ರಿ?" ಎಂದೆ.

"ಮತ್ತೆ ಇಷ್ಟು ಕಾಯಿ, ಗೆಣಸು ಬೆಳೆಸೀರಿ. ತಿನ್ನಾಕ ಬಂದವು ಇಲ್ಲೇ ಮನಿ ಮಾಡ್ಯಾವೆ. ನಾವು ಬರ್ರಿ ಅಂತ ಕರದೀವೇನು?"

ಅತ್ತೆ ಕಸಬರಿಗೆ ಹಿಡಿದೇ ಹೊರಗೆ ಬಂದರು. "ಲೇ ತಮ್ಮಾ, ನಿಮ್ಮ ಯಾರ್ಡ್ ಬರೋಕಿಂತ ಮೊದಲು ಇಲ್ಲಿ ಒಂದ ಹೀರೇಕಾಯಿಗೂ ಹಲ್ಲು ಬಿದ್ದಿದ್ದಿಲ್ಲ. ಇಲಿ ತಂದೋರು ನೀವು!"

ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ನಾನು ಅವನ ಕೈಯಲ್ಲಿದ್ದ ವೈರನ್ನು ತೆಗೆದುಕೊಂಡು ನೋಡಿದೆ. ಹೀರೇಕಾಯಿಯ ಮೇಲಿದ್ದಂಥದ್ದೇ ಅಗಲ ಹಲ್ಲಿನ ಗುರುತು. ನಮ್ಮಿಬ್ಬರ ಶತ್ರುವೂ ಒಂದೇ.

"ಅಣ್ಣಾರ, ಬಾಯಿ ಮಾತು ಬ್ಯಾಡ. ನಮ್ಮ ಹಿತ್ತಲ ಪೂರಾ ನೋಡ್ರಿ. ಆಮ್ಯಾಲೆ ನಿಮ್ಮ ಯಾರ್ಡ್ ನನಗ ತೋರಸ್ರಿ," ಎಂದೆ.

ಅವನು ತಬ್ಬಿಬ್ಬಾದ. ಲಾರಿ ಯಾರ್ಡಿನೊಳಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಬನಿಯನ್ನಿನಲ್ಲಿ ಕೂತು ಇಸ್ಪೀಟು ಆಡುವವರು, ಟ್ಯಾಂಕಿನ ಬಳಿ ಸ್ನಾನ ಮಾಡುವವರು, ಲಾರಿಯ ಅಡಿಯಲ್ಲಿ ಮಲಗಿದವರು, ಇಂಥದ್ದರ ನಡುವೆ ಹೇಗೆ ಕರೆದೊಯ್ಯುವುದೆಂದು ಅವನಿಗೆ ಮುಜುಗರ. ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ಕಸಬರಿಗೆ ಬಿಡದೆ ನನ್ನ ಹಿಂದೆ ಹೊರಟರು. ಡ್ರೈವರ್ ನಮ್ಮ ಮುಂದೆ ಓಡಿ, "ಲೇ, ಅಂಗಿ ಹಾಕ್ಕೊಳ್ರಲೇ, ಹೆಣ್ಮಕ್ಕಳು ಬರಾಕಹತ್ಯಾರ!" ಎಂದು ಕೂಗಿದ.

ಅಲ್ಲಿ ನನಗೆ ಬೇಕಾದ್ದೆಲ್ಲ ಕಾಣಿಸಿತು. ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಗಳನ್ನು ಬದುವಿನ ಪಕ್ಕ ಒಟ್ಟಿದ್ದರು. ಒಂದನ್ನು ಎತ್ತಿಸಿದರೆ ಒಳಗೆ ದಾರದ ಚೂರು, ಬೀಡಿಕಟ್ಟಿನ ಕಾಗದಗಳಿಂದ ಮೆತ್ತಗೆ ಮಾಡಿಟ್ಟ ಗೂಡು. ಡಾಬಾದ ಹಿಂದೆ, ಮತ್ತೆ ಅದೇ ಬದುವಿಗೇ ತಾಗಿ, ಉಳಿದ ಅನ್ನ, ಮೊಟ್ಟೆ ಸಿಪ್ಪೆ, ಕೋಳಿ ಮೂಳೆ ಸುರಿದ ರಾಶಿ. ಬದುವಿನ ಆ ಕಡೆಯ ಮೈ ತುಂಬ ಬಿಲಗಳ ಬಾಯಿ. ಗರಸು ಸುರಿದು ಗದ್ದೆಯನ್ನು ಮುಚ್ಚಿದ್ದರು, ಗದ್ದೆಯ ಇಲಿಗಳು ಎಲ್ಲಿಗೆ ಹೋಗಬೇಕು? ಬದುವಿನಲ್ಲೇ ಉಳಿದು, ಅಲ್ಲಿ ಅನ್ನ ಉಂಡು ಇಲ್ಲಿ ತರಕಾರಿ ತಿಂದು ಕೊಬ್ಬಿದ್ದವು.

ಡಾಬಾದವನನ್ನು ಕರೆಸಿ ರಾಶಿ ತೋರಿಸಿದೆ. ದಪ್ಪ ಮೀಸೆಯ ಆ ಮನುಷ್ಯ ಸೌಟು ಹಿಡಿದೇ ಬಂದ.

"ಅಮ್ಮಾ, ಇದು ಗಂಡಸರು ಉಣ್ಣೋ ಜಾಗ. ಅನ್ನ ಉಳೀತದ, ಚೆಲ್ಲತೀವಿ. ನಿಮಗೇನು ತ್ರಾಸು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವನ ಅಡುಗೆ ಮನೆಯೊಳಗೆ ನುಗ್ಗಿದ್ದರು. ಅಕ್ಕಿ ಚೀಲವೊಂದನ್ನು ದರದರ ಎಳೆದುಕೊಂಡು ಬಂದು ಬೆಳಕಿಗೆ ನಿಲ್ಲಿಸಿದರು. ಚೀಲದ ತಳದಲ್ಲಿ ಮುಷ್ಟಿ ಹೋಗುವಷ್ಟು ತೂತು, ಅಕ್ಕಿಯಲ್ಲಿ ಕರಿ ಹಿಕ್ಕೆ.

"ಇದನ್ನ ಗಂಡಸರಿಗೆ ಉಣಸ್ತೀಯೇನಪ್ಪಾ?" ಎಂದು ಕೇಳಿದರು.

ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ಡಾಬಾದವನ ಮುಖ ನೋಡಿದರು. ಅವನು ಸೌಟನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಈಗ ಏನ್ ಮಾಡಬೇಕು ಹೇಳ್ರಿ ಅಮ್ಮಾರ," ಎಂದ. ಅಲ್ಲಿಂದ ಮುಂದೆ ನಾನು ಹೇಳಿದ್ದೇ ನಡೆಯಿತು.

ಮರುದಿನ ಪರ್ಮಿಟ್ಟಿನ ಏನೋ ತೊಡಕಿನಿಂದ ಲೋಡಿಂಗ್ ನಿಂತಿತ್ತು. ಲಾರಿಗಳೆಲ್ಲ ಯಾರ್ಡಿನಲ್ಲೇ ಇದ್ದವು, ಗಂಡಸರಿಗೆ ಕೈತುಂಬ ಪುರುಸೊತ್ತು. ನಾನು ಹಿಂದಿನ ಸಂಜೆಯೇ ಬದುವಿನ ಬಿಲಗಳಿಗೆಲ್ಲ ಹಸಿ ಮಣ್ಣು ಮೆತ್ತಿಸಿದ್ದೆ. ಬೆಳಿಗ್ಗೆ ನೋಡಿದರೆ ಕೆಲವು ಬಾಯಿಗಳು ತೆರೆದಿದ್ದವು, ಉಳಿದವು ಹಾಗೇ ಇದ್ದವು. ತೆರೆದವುಗಳಲ್ಲಿ ಜೀವ ಇದೆ ಎಂದರ್ಥ. ಅವುಗಳ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡಿದೆ. ಒಂದೊಂದಕ್ಕೂ ಕೊಡದಲ್ಲಿ ನೀರು ಸುರಿಯುವುದೆಂದರೆ ಸಂಜೆಯಾದೀತು ಎಂದುಕೊಳ್ಳುವಾಗ, ರಸ್ತೆಯ ಧೂಳು ಕೂರಿಸಲು ನೀರು ಹೊಡೆಯುವ ಟ್ಯಾಂಕರ್ ಯಾರ್ಡಿನ ಮೂಲೆಯಲ್ಲಿ ನಿಂತಿದ್ದು ಕಣ್ಣಿಗೆ ಬಿತ್ತು.

"ಅದರಾಗ ನೀರೈತೇನ್ರಿ?"

"ಫುಲ್ ಐತ್ರಿ," ಎಂದ ಕಂಪ್ಲಿಯವನು, ಮತ್ತು ನಾನು ಏನು ಕೇಳುತ್ತಿದ್ದೇನೆಂದು ಹೊಳೆದು ಹಲ್ಲು ಕಿರಿದ.

ಟ್ಯಾಂಕರನ್ನು ಬದುವಿಗೆ ಒತ್ತಿ ನಿಲ್ಲಿಸಿದರು. ದಪ್ಪ ಪೈಪನ್ನು ಎಲ್ಲಕ್ಕಿಂತ ಮೇಲಿನ ಬಿಲದ ಬಾಯಿಗೆ ತುರುಕಿದರು. ಡ್ರೈವರುಗಳು ಜಾಕಿ ರಾಡು, ಪಾನಾ, ಕೋಲು, ಕೈಗೆ ಸಿಕ್ಕಿದ್ದು ಹಿಡಿದು ಸಾಲಾಗಿ ನಿಂತರು. ನಮ್ಮ ಕಡೆ ನಾನು ಗುದ್ದಲಿ ಹಿಡಿದು, ಅತ್ತೆ ಒನಕೆ ಹಿಡಿದು. ನೀರು ಬಿಟ್ಟದ್ದೇ ಬದುವಿನ ಹೊಟ್ಟೆಯೊಳಗೆ ಗುಳುಗುಳು ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನ ಬಾಯಿಂದ ಒದ್ದೆಯಾದ, ಕೂದಲು ನಿಮಿರಿಸಿದ ಒಂದು ಹೆಗ್ಗಣ ಹೊರಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಬದುವೇ ಬಾಯಿಬಿಟ್ಟಂತೆ ಎಲ್ಲ ಕಡೆಯಿಂದಲೂ.

ಘಾಟಿಯ ತಿರುವುಗಳಲ್ಲಿ ಲೋಡು ಲಾರಿ ಇಳಿಸುವ ಗಂಡಸರು ಅವರು. ಅರ್ಧ ಜನ ಕೋಲು ಎಸೆದು ಲಾರಿಗಳ ಮೆಟ್ಟಿಲು ಹತ್ತಿದರು. ಕಂಪ್ಲಿಯವನ ಲುಂಗಿಯ ಅಂಚಿಗೆ ಒಂದು ನೇತುಬಿದ್ದಾಗ ಅವನು ಹಾಕಿದ ಕೇಕೆಗೆ ಡಾಬಾದ ನಾಯಿ ಓಡಿಹೋಯಿತು.

"ಕೆಳಗ ಇಳಿಯಲೇ, ಭಾಡ್ಯಾ!" ಎಂದು ಅತ್ತೆ ಮೆಟ್ಟಿಲು ಹತ್ತಿದ ಒಬ್ಬನಿಗೆ ಕೂಗಿದರು. ಅವರು ನಿಂತ ಜಾಗ ಬಿಟ್ಟು ಕದಲಲಿಲ್ಲ. ಒನಕೆ ಎತ್ತುವುದು, ಇಳಿಸುವುದು, ಜೋಳ ಕುಟ್ಟಿದಷ್ಟೇ ಸಲೀಸು. ನನ್ನ ಗುದ್ದಲಿಯೂ ಸುಮ್ಮನಿರಲಿಲ್ಲ. ನಮ್ಮನ್ನು ನೋಡಿ ನಾಚಿಕೆಯಾಗಿಯೋ ಏನೋ, ಮೆಟ್ಟಿಲು ಹತ್ತಿದವರು ಒಬ್ಬೊಬ್ಬರಾಗಿ ಇಳಿದರು. ಬಿಸಿಲೇರುವ ಹೊತ್ತಿಗೆ ಕೆಲಸ ಮುಗಿಯಿತು. ತಪ್ಪಿಸಿಕೊಂಡವೂ ಇದ್ದವು, ಇಲ್ಲವೆನ್ನುವುದಿಲ್ಲ. ಸತ್ತವನ್ನು ದೂರದಲ್ಲಿ ಆಳವಾದ ಗುಂಡಿ ತೋಡಿ ಹೂಳಿಸಿದೆ.

ಮಧ್ಯಾಹ್ನ ಬದುವನ್ನು ಅಗೆದು ಹಾಕಿದೆವು. ಅತಿ ಒಳಗಿನ ಗೂಡಿನಲ್ಲಿ ಭತ್ತದ ತೆನೆಗಳು ಸಿಕ್ಕವು. ಬಹುಪಾಲು ಜೊಳ್ಳು, ಕಪ್ಪು ಬೂಜು. ನಡುವೆ ಒಂದಿಷ್ಟು ಗಟ್ಟಿ ಕಾಳು. ಆ ಗದ್ದೆ ಬೆಳೆದ ಕೊನೆಯ ಭತ್ತ ಅದು. ಅಂಗೈಯಲ್ಲಿ ಹಿಡಿದು ನಿಂತಾಗ ಊರಿನ ಗದ್ದೆ, ಅಪ್ಪನ ಗುದ್ದಲಿಯ ಸದ್ದು ಎಲ್ಲ ಒಟ್ಟಿಗೇ ನೆನಪಿಗೆ ಬಂದವು. ಕಂಪ್ಲಿಯವನೂ ಪಕ್ಕಕ್ಕೆ ಬಂದು ನೋಡಿದ. "ನಮ್ಮ ಮನ್ಯಾಗೂ ಗದ್ದಿ ಐತ್ರಿ ಅಕ್ಕಾರ," ಎಂದಷ್ಟೇ ಹೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ಅಗೆಯಲು ಹೋದ. ಕಾಳನ್ನು ನಾನು ಕೋಳಿಗಳಿಗೆ ಹಾಕಿದೆ.

ಬದು ಇದ್ದ ಜಾಗದಲ್ಲಿ ಯಾರ್ಡಿನವರು ಕಲ್ಲು ಚಪ್ಪಡಿಗಳನ್ನು ಆಳಕ್ಕೆ ಹೂತು ನಿಲ್ಲಿಸಿದರು. ಡಾಬಾದವನು ಉಳಿದ ಅನ್ನಕ್ಕೆ ಮುಚ್ಚಳವಿರುವ ಡ್ರಮ್ ಇಟ್ಟ, ಎಮ್ಮೆ ಸಾಕಿದವರು ಬಂದು ಒಯ್ಯತೊಡಗಿದರು. ತಾಡಪತ್ರಿಗಳು ಕಬ್ಬಿಣದ ಅಟ್ಟಣಿಗೆ ಏರಿದವು. ನಾನೂ ನನ್ನ ಕಡೆಯದನ್ನು ಸರಿಮಾಡಿದೆ. ಗೋಡೆಗೆ ಒರಗಿಸಿದ್ದ ಸೌದೆ, ಇಟ್ಟಿಗೆ ರಾಶಿ ತೆಗೆಸಿದೆ, ಹೀರೆ ಬಳ್ಳಿಯನ್ನು ತಂತಿಯ ಚಪ್ಪರಕ್ಕೆ ಏರಿಸಿ ಕಂಬಗಳಿಗೆ ನುಣ್ಣನೆಯ ತಗಡು ಸುತ್ತಿದೆ. ಆಗೊಮ್ಮೆ ಈಗೊಮ್ಮೆ ಒಂದು ಇಲಿ ಬಂದು ಹೋಗುತ್ತಿತ್ತು. ಅದು ತಿಂದಷ್ಟು ತಿನ್ನಲಿ ಎಂದು ಬಿಡುವಷ್ಟು ಕಾಯಿ ಆ ಬಾರಿ ಬಂತು.

ಹೆಚ್ಚಿದ್ದನ್ನು ಡಾಬಾಕ್ಕೆ ಕಳಿಸುತ್ತಿದ್ದೆ. ಡ್ರೈವರುಗಳು ಊಟಕ್ಕೆ ಕೂತಾಗ ನಮ್ಮ ಬದನೆಕಾಯಿಯ ಎಣ್ಣೆಗಾಯಿ ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಟ್ಯಾಂಕರಿನವನು ರಸ್ತೆಗೆ ಹೊರಡುವ ಮೊದಲು ಪೈಪು ಎತ್ತಿ ನಮ್ಮ ಗಿಡಗಳ ಮೇಲೂ ಒಂದು ಸುತ್ತು ನೀರು ಹೊಡೆದು ಹೋಗುತ್ತಿದ್ದ.

ಸುದ್ದಿ ಬೀದಿಯಲ್ಲಿ ಹರಡಿತು. ಕಾಲುವೆಯ ಆಚೆ, ಇನ್ನೊಂದು ಯಾರ್ಡಿನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಒಂದು ದಿನ ಬಾಗಿಲಿಗೆ ಬಂದು, "ನಮ್ಮ ಹಿತ್ತಲದಾಗೂ ಭಾಳ ಆಗ್ಯಾವೆ, ಒಂದೀಟು ಬಂದು ನೋಡ್ರಿ," ಎಂದರು.

"ಒಳಗ ಬರ್ರಿ, ಕುಂದ್ರಿ. ಚಾ ಕುಡದು ಹೋಗೋಣು," ಎಂದೆ ನಾನು.

ಚಹಾ ಕುದಿಯುವಷ್ಟರಲ್ಲಿ ಅತ್ತೆ ಒನಕೆ ಹಿಡಿದು ಅಂಗಳದಲ್ಲಿ ನಿಂತಿದ್ದರು.